ಎಮ್ಮೆಲ್ಲೆಗೆ ‘ಎ’ ಸರಿಯೋ ‘ಆ್ಯನ್’ ಸರಿಯೋ? – ಇಂಗ್ಲಿಷ್ ಬಳಕೆ ಕುರಿತ ಓದುಗರ ಪ್ರಶ್ನೆಗಳಿಗೆ ಉತ್ತರ

ಇಂಗ್ಲಿಷ್ ಪದಗಳ ಆಯ್ಕೆ, ಅರ್ಥ ಮತ್ತು ಉಚ್ಚಾರಣೆಯ ಬಗ್ಗೆ ಈ ಬಾರಿ ಬಂದಿರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಕನ್ನಡದ ಕಿವಿಗೂ ಇಂಗ್ಲಿಷಿನ ಮಾತಿಗೂ ಹೊಂದಾಣಿಕೆಯಾಗದ ಕಡೆಗಳಲ್ಲೇ ಹುಟ್ಟಿವೆ. ಆದ್ದರಿಂದ ಉತ್ತರಗಳಲ್ಲೂ ಇಂಗ್ಲಿಷಿನಷ್ಟೇ ಕನ್ನಡದ ವಿಚಾರವೂ ಬರುತ್ತದೆ. ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಕಾಗುಣಿತ ಹೇಳಬೇಕಾದ ಕಡೆ ಅಕ್ಷರಗಳ ಹೆಸರನ್ನು ಬಿಡಿಸಿ ಬರೆದಿದೆ. ಝಡ್ ಅಕ್ಷರದ ಧ್ವನಿಯನ್ನು ‘ಜ’ಕ್ಕೆ ಚುಕ್ಕೆಯಿಟ್ಟು ‘ಜ಼’ ಎಂದು ತೋರಿಸಿದೆ.

ಪ್ರಶ್ನೆ: ಎ, ಇ, ಐ, ಓ, ಯು – ಈ ಐದು ಸ್ವರಾಕ್ಷರಗಳಿಂದ ಆರಂಭವಾಗುವ ಪದಗಳಿಗೆ ‘ಆ್ಯನ್’, ಉಳಿದವಕ್ಕೆ ‘ಎ’ ಎಂದು ಮಕ್ಕಳಿಗೆ ಕಲಿಸುತ್ತೇವೆ. ಹಾಗಿದ್ದರೆ ಇಂಗ್ಲಿಷ್ ಪತ್ರಿಕೆಗಳು ‘ಆ್ಯನ್ ಎಮ್ಮೆಲ್ಲೆ’ ಎಂದು ಬರೆಯುವುದೇಕೆ? ಎಮ್ ವ್ಯಂಜನವಲ್ಲವೇ? – ಪ್ರೌಢಶಾಲಾ ಶಿಕ್ಷಕಿ, ಗದಗ

ಉತ್ತರ: ನಿಯಮವನ್ನು ಅಕ್ಷರಗಳ ಲೆಕ್ಕದಲ್ಲಿ ಕಲಿಸುವುದೇ ಈ ಗೊಂದಲದ ಮೂಲ. ‘ಎ’ ಬರಬೇಕೋ ‘ಆ್ಯನ್’ ಬರಬೇಕೋ ಎಂಬುದನ್ನು ನಿರ್ಧರಿಸುವುದು ಮುಂದಿನ ಪದದ ಮೊದಲ ಧ್ವನಿಯೇ ಹೊರತು ಮೊದಲ ಅಕ್ಷರವಲ್ಲ. ಎಮ್ ವ್ಯಂಜನಾಕ್ಷರವೆಂಬುದು ನಿಜ. ಆದರೆ ಅದರ ಹೆಸರನ್ನು ಹೇಳುವಾಗ ಬಾಯಿಂದ ಮೊದಲು ಹೊರಡುವುದು ‘ಎ’ ಎಂಬ ಸ್ವರ. ಆದ್ದರಿಂದ ಆ್ಯನ್ ಎಮ್ಮೆಲ್ಲೆ, ಆ್ಯನ್ ಎಫ್‌ಐಆರ್, ಆ್ಯನ್ ಆರ್‌ಟಿಒ, ಆ್ಯನ್ ಎಲ್‌ಐಸಿ ಏಜೆಂಟ್, ಆ್ಯನ್ ಎಸ್ಸೆಸ್ಸೆಲ್ಸಿ ಸ್ಟೂಡೆಂಟ್. ಇದಕ್ಕೆ ವಿರುದ್ಧವಾಗಿ ‘ಯುನಿವರ್ಸಿಟಿ’ಯ ಮೊದಲ ಅಕ್ಷರ ಸ್ವರವಾದರೂ ಕಿವಿಗೆ ಬೀಳುವುದು ಯಕಾರ, ಆದ್ದರಿಂದ ‘ಎ ಯುನಿವರ್ಸಿಟಿ’. ಓ ಅಕ್ಷರದಿಂದ ಆರಂಭವಾಗುವ ‘ವನ್’ ಎಂಬ ಸಂಖ್ಯೆ ವಕಾರದಿಂದ ಕೇಳಿಸುವುದರಿಂದ ‘ಎ ವನ್ ವೇ ರೋಡ್’. ಗಂಟೆ ಎಂಬ ಅರ್ಥದ ‘ಅವರ್’ ಪದದಲ್ಲಿ ಎಚ್ ಅಕ್ಷರ ಬರೆವಣಿಗೆಯಲ್ಲಿದ್ದರೂ ಉಚ್ಚಾರಣೆಯಲ್ಲಿಲ್ಲ. ಆದ್ದರಿಂದ ‘ಆ್ಯನ್ ಅವರ್’.

ಇಷ್ಟನ್ನು ಯಾವ ವ್ಯಾಕರಣ ಪುಸ್ತಕವಾದರೂ ಹೇಳುತ್ತದೆ. ಅಲ್ಲಿ ಸಿಗದ ಮಾತೊಂದಿದೆ: ಈ ನಿಯಮ ಕನ್ನಡಿಗರಿಗೆ ಬೇರೆಯವರಿಗಿಂತ ಹೆಚ್ಚು ಕಷ್ಟವಾಗಲು ನಮ್ಮ ಭಾಷೆಯೇ ಕಾರಣ. ಕನ್ನಡದಲ್ಲಿ ಪದದ ಆರಂಭದ ‘ಎ’ಕಾರವನ್ನು ನಾವು ಮಾತಿನಲ್ಲಿ ಯಕಾರದ ಎಳೆ ಸೇರಿಸಿ ಹೇಳುತ್ತೇವೆ, ಬರೆಯುವುದು ‘ಎಂಟು’, ‘ಎಮ್ಮೆ’, ‘ಎಲ್ಲಿ’, ಕೇಳಿಸುವುದು ‘ಯೆಂಟು’, ‘ಯೆಮ್ಮೆ’, ‘ಯೆಲ್ಲಿ’. ಹಾಗೆಯೇ ‘ಒಂದು’, ‘ಓಡು’ ಎಂಬವು ಬಾಯಲ್ಲಿ ‘ವೊಂದು’, ‘ವೋಡು’ ಆಗುತ್ತವೆ. ಕನ್ನಡದಲ್ಲಿ ಇದರಿಂದ ಏನೂ ತೊಂದರೆಯಿಲ್ಲ, ಇದು ಭಾಷೆಯ ಸಹಜ ಗುಣ. ಆದರೆ ಇದೇ ನಾಲಿಗೆ ಇಂಗ್ಲಿಷಿಗೆ ಹೋದಾಗ ‘ಎಗ್’ ಎಂಬುದು ‘ಯೆಗ್’, ‘ಓಲ್ಡ್’ ಎಂಬುದು ‘ವೋಲ್ಡ್’, ಎಮ್ಮೆಲ್ಲೆ ‘ಯೆಮ್ಮೆಲ್ಲೆ’ ಆಗುತ್ತದೆ. ಯಕಾರ ಕೇಳಿಸಿದ ಮೇಲೆ ‘ಎ’ ಹಾಕುವುದು ಸರಿಯೇ ತಾನೆ! ‘ಎ ಎಮ್ಮೆಲ್ಲೆ’ ಎಂದು ಬರೆಯುವ ನಿಮ್ಮ ವಿದ್ಯಾರ್ಥಿಗೆ ನಿಯಮ ತಿಳಿದಿಲ್ಲವೆಂದಲ್ಲ. ತನ್ನ ಕಿವಿಗೆ ಕೇಳಿಸಿದ ಧ್ವನಿಗೆ ಅವನು ನಿಯಮವನ್ನು ಸರಿಯಾಗಿಯೇ ಅನ್ವಯಿಸಿದ್ದಾನೆ.

ತರಗತಿಯಲ್ಲಿ ಒಂದು ಪ್ರಯೋಗ ಮಾಡಿಸಬಹುದು. ಇಂಗ್ಲಿಷಿನ ಎಸ್ ಅಕ್ಷರದ ಹೆಸರನ್ನೂ, ಹೌದು ಎಂಬ ಅರ್ಥದ ‘ಯೆಸ್’ ಪದವನ್ನೂ ಒಂದರ ಹಿಂದೆ ಒಂದು ಹೇಳಿಸಿ. ಮೊದಮೊದಲು ಎರಡೂ ಒಂದೇ ರೀತಿ ಕೇಳಿಸುತ್ತವೆ. ‘ಯೆಸ್’ ಹೇಳುವಾಗ ನಾಲಿಗೆಯ ನಡುಭಾಗ ಅಂಗುಳಿನ ಹತ್ತಿರಕ್ಕೆ ಏರಿ ಇಳಿಯುತ್ತದೆ. ಎಸ್ ಹೇಳುವಾಗ ಅದು ಏರಬಾರದು. ಬಾಯನ್ನು ‘ಆ’ ಎನ್ನುವಂತೆ ಮೊದಲೇ ತೆರೆದುಕೊಂಡು, ಅಲ್ಲಿಂದ ನೇರವಾಗಿ ‘ಎ’ಕಾರಕ್ಕೆ ಬಂದರೆ ಯಕಾರ ನುಸುಳುವುದಿಲ್ಲ. ಕಿವಿ ಎಂಬ ಅರ್ಥದ ‘ಇಯರ್’ ಮತ್ತು ವರ್ಷ ಎಂಬ ಅರ್ಥದ ‘ಯಿಯರ್’ ಇನ್ನೊಂದು ಒಳ್ಳೆಯ ಜೋಡಿ. ಅಲ್ಲಿ ತೊಂದರೆ ತಲೆಕೆಳಗಾಗಿದೆ. ಇರಬೇಕಾದ ಯಕಾರವನ್ನೇ ನಾವು ಬಿಟ್ಟು ವರ್ಷವನ್ನು ಕಿವಿ ಮಾಡುತ್ತೇವೆ.

ಇದಕ್ಕೆ ಸೇರಿದ ಒಂದು ಉಪಪ್ರಶ್ನೆಯನ್ನು ನೀವು ಕೇಳದಿದ್ದರೂ ಹೇಳಿಬಿಡುತ್ತೇನೆ. ಎಚ್‌ಎಂಟಿ ಕೈಗಡಿಯಾರಕ್ಕೆ ‘ಎ’ ಬರಬೇಕೋ ‘ಆ್ಯನ್’ ಬರಬೇಕೋ ಎಂಬುದು ನೀವು ಆ ಅಕ್ಷರವನ್ನು ‘ಎಚ್’ ಎನ್ನುತ್ತೀರೋ ‘ಹೆಚ್’ ಎನ್ನುತ್ತೀರೋ ಎಂಬುದರ ಮೇಲೆ ನಿಂತಿದೆ. ನಿಘಂಟುಗಳು ಮೊದಲು ಕೊಡುವ ಹೆಸರು ‘ಎಚ್’. ಐರ್ಲೆಂಡಿನಲ್ಲಿ ‘ಹೆಚ್’ ವ್ಯಾಪಕವಾಗಿದೆ, ನಮ್ಮಲ್ಲಿ ಎರಡೂ ಇವೆ. ಬರೆವಣಿಗೆಯಲ್ಲಿ ‘ಆ್ಯನ್ ಎಚ್‌ಎಂಟಿ ವಾಚ್’ ಎಂದರೆ ಯಾರೂ ತಕರಾರು ತೆಗೆಯುವುದಿಲ್ಲ.

ಪ್ರಶ್ನೆ: ಸಾಲ ಎಂಬ ಅರ್ಥದ ‘ಡೆಟ್’ ಪದದಲ್ಲಿ ಬಿ, ರಶೀದಿ ಎಂಬ ಅರ್ಥದ ‘ರಿಸೀಟ್’ ಪದದಲ್ಲಿ ಪಿ ಏಕಿವೆ? ಉಚ್ಚರಿಸದ ಅಕ್ಷರವನ್ನು ಬರೆಯುವುದೇಕೆ? ಹಿಂದೆ ಅವುಗಳನ್ನು ಉಚ್ಚರಿಸುತ್ತಿದ್ದರೇ? – ನಿವೃತ್ತ ಬ್ಯಾಂಕ್ ಕ್ಯಾಷಿಯರ್, ಶಿವಮೊಗ್ಗ

ಉತ್ತರ: ಇಲ್ಲ. ಈ ಎರಡು ಪದಗಳಲ್ಲಿ ಬಿ ಮತ್ತು ಪಿ ಅಕ್ಷರಗಳನ್ನು ಇಂಗ್ಲಿಷರು ಸಹಜವಾಗಿ ಉಚ್ಚರಿಸಿದ್ದೇ ಇಲ್ಲ. ಅವು ಪಂಡಿತರು ಹೊರಗಿನಿಂದ ತಂದು ಕೂರಿಸಿದ ಅಕ್ಷರಗಳು. ಇಂಗ್ಲಿಷರಿಗೆ ಸಾಲದ ‘ಡೆಟ್’ ಪದ ಬಂದಿದ್ದು ಫ್ರೆಂಚಿನಿಂದ, ‘ಡೆಟ್ಟೆ’ ಎಂಬ ರೂಪದಲ್ಲಿ. ಕಾಗುಣಿತದಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ವಿದ್ವತ್ತಿಗೆ ಮತ್ತೆ ಗೌರವ ಬಂದ ಕಾಲದಲ್ಲಿ, ಈ ಪದದ ಬೇರು ‘ಡೆಬಿಟುಮ್’ ಎಂಬ ಲ್ಯಾಟಿನ್ ಪದದಲ್ಲಿದೆ ಎಂಬುದನ್ನು ತೋರಿಸಲು ಬಿ ಸೇರಿಸಿದರು. ಸಂದೇಹ ಎಂಬ ಅರ್ಥದ ‘ಡೌಟ್’ ಪದದಲ್ಲಿ ಬಿ ಬಂದಿದ್ದೂ ಹೀಗೆಯೇ. ರಶೀದಿಯ ಪಿ ಬಂದಿದ್ದು ‘ರೆಸೆಪ್ಟ’ ಎಂಬ ಲ್ಯಾಟಿನ್ ರೂಪದ ನೆನಪಿಗಾಗಿ. ಜನರ ಬಾಯಿ ಮಾತ್ರ ಹಳೆಯ ದಾರಿಯನ್ನೇ ಹಿಡಿಯಿತು. ‘ಇಷ್ಟ’ ಎಂದು ಬರೆದರೆ ಸಂಸ್ಕೃತದ ಗಾಂಭೀರ್ಯ ಸಾಲದೆಂದು ‘ಇಷ್ಠ’ ಎಂದು ಒತ್ತಕ್ಷರಕ್ಕೆ ಮಹಾಪ್ರಾಣ ಕೊಡುವವರು ನಮ್ಮಲ್ಲಿದ್ದಾರಲ್ಲ, ಅವರದೇ ಮನೋಧರ್ಮ ಇದು. ವ್ಯತ್ಯಾಸವೆಂದರೆ ನಮ್ಮಲ್ಲಿ ಅದು ತಪ್ಪೆಂದು ಉಳಿಯಿತು, ಅಲ್ಲಿ ಅದೇ ಶುದ್ಧವಾಯಿತು.

ಈ ತಿದ್ದುಪಡಿಯಲ್ಲೂ ಪಂಡಿತರು ಒಂದು ಕ್ರಮ ಅನುಸರಿಸಲಿಲ್ಲ. ಮೋಸ ಎಂಬ ಅರ್ಥದ ‘ಡಿಸೀಟ್’, ರಶೀದಿಯ ‘ರಿಸೀಟ್’ ಎರಡೂ ಒಂದೇ ಬಳ್ಳಿಯ ಪದಗಳು. ಒಂದಕ್ಕೆ ಪಿ ಬಂತು, ಇನ್ನೊಂದಕ್ಕೆ ಬರಲಿಲ್ಲ. 1755ರಲ್ಲಿ ತಮ್ಮ ದೊಡ್ಡ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್ ಇದೇ ಜೋಡಿಯನ್ನು ಮುನ್ನುಡಿಯಲ್ಲಿ ಉದಾಹರಿಸಿ, ಬಹುಸಂಖ್ಯಾತರ ಬಳಕೆಗೆ ತಲೆಬಾಗಿ ಹೀಗೆ ಬರೆಯುತ್ತಿರುವುದಾಗಿ ಹೇಳಿದ್ದಾರೆ. ಇನ್ನೂ ಸ್ವಾರಸ್ಯದ ವಿಷಯವೆಂದರೆ, ಕೆಲವು ಪದಗಳಲ್ಲಿ ಹೀಗೆ ತಂದು ಕೂರಿಸಿದ ಅಕ್ಷರ ಕೊನೆಗೆ ನಾಲಿಗೆಯನ್ನೂ ಗೆದ್ದುಬಿಟ್ಟಿತು. ತಪ್ಪು ಎಂಬ ಅರ್ಥದ ‘ಫಾಲ್ಟ್’ ಪದ ಫ್ರೆಂಚಿನಿಂದ ಬಂದಾಗ ‘ಫೌಟೆ’ ಎಂದಿತ್ತು, ಎಲ್ ಇರಲಿಲ್ಲ. ಲ್ಯಾಟಿನ್ ನೆನಪಿಗೆ ಎಲ್ ಸೇರಿಸಿದರು. ಬಹುಕಾಲ ಅದು ಮೌನವಾಗಿದ್ದು, ನಂತರ ಬರೆದಂತೆ ಓದುವವರು ಹೆಚ್ಚಾಗಿ ಇಂದು ಎಲ್ಲರೂ ಅದನ್ನು ಉಚ್ಚರಿಸುತ್ತಾರೆ.

ದ್ವೀಪ ಎಂಬ ಅರ್ಥದ ‘ಐಲಂಡ್’ ಪದದ ಎಸ್ ಅಂತೂ ಶುದ್ಧ ತಪ್ಪು ತಿಳಿವಳಿಕೆಯಿಂದ ಬಂದದ್ದು. ಅದು ಲ್ಯಾಟಿನ್ನಿಗೆ ಸಂಬಂಧವೇ ಇಲ್ಲದ ಹಳೆಯ ಇಂಗ್ಲಿಷ್ ಪದ. ಅದೇ ಅರ್ಥದ, ಆದರೆ ಲ್ಯಾಟಿನ್ ಮೂಲದಿಂದ ಬಂದ ‘ಐಲ್’ ಎಂಬ ಇನ್ನೊಂದು ಪದದ ನಂಟು ಇದಕ್ಕೂ ಇದೆಯೆಂದು ಭಾವಿಸಿ ಎಸ್ ತುರುಕಿದರು. ಕೊಳಾಯಿ ರಿಪೇರಿ ಮಾಡುವವರನ್ನು ‘ಪ್ಲಂಬರ್’ ಎಂದು ಕರೆಯುವ ನಾವು ಬಿ ಉಚ್ಚರಿಸುತ್ತೇವೆ. ಇಂಗ್ಲಿಷಿನಲ್ಲಿ ಅದು ‘ಪ್ಲಮರ್’. ಸೀಸಕ್ಕೆ ಲ್ಯಾಟಿನ್ನಿನಲ್ಲಿ ‘ಪ್ಲುಂಬುಮ್’ ಎನ್ನುತ್ತಾರೆ. ಹಿಂದೆ ಕೊಳವೆಗಳು ಸೀಸದವಾಗಿದ್ದವು. ಕನ್ನಡ ಮಾತಾಡುವಾಗ ‘ಪ್ಲಂಬರ್’ ಎಂದೇ ಕರೆಯಿರಿ, ‘ಪ್ಲಮರ್’ ಎಂದರೆ ಯಾರೂ ಬರುವುದಿಲ್ಲ.

ಪ್ರಶ್ನೆ: ನಮ್ಮ ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ ‘ಪ್ರಿಪೋನ್’, ‘ಡು ದ ನೀಡ್‌ಫುಲ್’, ‘ಔಟ್ ಆಫ್ ಸ್ಟೇಷನ್’, ‘ರಿವರ್ಟ್ ಬ್ಯಾಕ್’ ಎಲ್ಲವೂ ಅಶುದ್ಧ ಇಂಗ್ಲಿಷ್ ಎಂದು ಕಡತಗಳಲ್ಲಿ ಕೆಂಪು ಗೆರೆ ಎಳೆಯುತ್ತಾರೆ. ಇಷ್ಟು ವರ್ಷ ನಾವು ಬರೆದದ್ದೆಲ್ಲ ತಪ್ಪೇ? – ಗುಮಾಸ್ತ, ಕಲಬುರಗಿ

ಉತ್ತರ: ಅಧಿಕಾರಿಗಳು ನಾಲ್ಕನ್ನೂ ಒಂದೇ ಬುಟ್ಟಿಗೆ ಹಾಕಿದ್ದಾರೆ; ಅವು ಬೇರೆ ಬೇರೆ ಬುಟ್ಟಿಗೆ ಸೇರಿದವು.

‘ಪ್ರಿಪೋನ್’ ಬಗ್ಗೆ ನನಗೆ ಯಾವ ಮುಜುಗರವೂ ಇಲ್ಲ. ಮುಂದೂಡುವುದಕ್ಕೆ ‘ಪೋಸ್ಟ್‌ಪೋನ್’ ಇರುವಾಗ ನಿಗದಿಯಾದ ದಿನವನ್ನು ಹಿಂದಕ್ಕೆ ತರುವುದಕ್ಕೂ ಒಂದೇ ಪದ ಬೇಕೆನ್ನಿಸುವುದು ಸಹಜ. ಈ ಬೇಕು ನಮಗೆ ಮಾತ್ರ ತೋರಿದ್ದಲ್ಲ. 1913ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಪತ್ರ ಬರೆದ ಓದುಗರೊಬ್ಬರು ಇದೇ ಅರ್ಥದಲ್ಲಿ ಈ ಪದವನ್ನು ಟಂಕಿಸುವುದಾಗಿ ಹೇಳಿದ್ದರು. ಅಲ್ಲಿ ಅದು ಬೇರು ಬಿಡಲಿಲ್ಲ, ನಮ್ಮಲ್ಲಿ ಬಿಟ್ಟಿತು. ಈಗ ಆಕ್ಸ್‌ಫರ್ಡ್ ನಿಘಂಟಿನಲ್ಲೂ ಭಾರತೀಯ ಬಳಕೆಯೆಂಬ ಗುರುತಿನೊಂದಿಗೆ ಇದೆ. ಭಾರತದೊಳಗಿನ ಪತ್ರವ್ಯವಹಾರದಲ್ಲಿ ಧಾರಾಳವಾಗಿ ಬಳಸಿ. ಪತ್ರ ಲಂಡನ್ನಿಗೆ ಹೋಗುವುದಾದರೆ ‘ಬ್ರಿಂಗ್ ಫಾರ್ವರ್ಡ್’ ಎಂದು ಬರೆಯಿರಿ.

‘ಡು ದ ನೀಡ್‌ಫುಲ್’ ಭಾರತೀಯರು ಹುಟ್ಟಿಸಿದ ಮಾತಲ್ಲ. ಹಿಂದಿನ ಕಾಲದ ಬ್ರಿಟಿಷ್ ವ್ಯಾಪಾರಿಗಳೂ ಅಧಿಕಾರಿಗಳೂ ತಮ್ಮ ಪತ್ರಗಳಲ್ಲಿ ಬಳಸುತ್ತಿದ್ದ ಈ ನುಡಿಗಟ್ಟನ್ನು ಅವರು ಬಿಟ್ಟರು, ನಮ್ಮ ಕಚೇರಿಗಳು ಉಳಿಸಿಕೊಂಡವು. ಅದರ ಮೇಲೆ ನನಗಿರುವ ತಕರಾರು ಬೇರೆ: ಮಾಡಬೇಕಾದದ್ದೇನು ಎಂದು ಬರೆಯುವವರಿಗೇ ಸ್ಪಷ್ಟವಿಲ್ಲದಾಗ ಈ ಮಾತು ಕಡತದಲ್ಲಿ ಬಂದು ಕೂರುತ್ತದೆ. ‘ಅಗತ್ಯ ಕ್ರಮಕ್ಕಾಗಿ’ ಎಂಬ ನಮ್ಮ ಕನ್ನಡದ ಟಿಪ್ಪಣಿಗೂ ಇದೇ ರೋಗವಿದೆ.

‘ಔಟ್ ಆಫ್ ಸ್ಟೇಷನ್’ ಎಂಬಲ್ಲಿನ ಸ್ಟೇಷನ್ ರೈಲು ನಿಲ್ದಾಣವಲ್ಲ. ಬ್ರಿಟಿಷರ ಕಾಲದಲ್ಲಿ ಜಿಲ್ಲೆಯ ಇಂಗ್ಲಿಷ್ ಅಧಿಕಾರಿಗಳೋ ಸೇನಾಧಿಕಾರಿಗಳೋ ನೆಲೆಸಿದ್ದ ಊರಿಗೆ ‘ಸ್ಟೇಷನ್’ ಎನ್ನುತ್ತಿದ್ದರು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಹೊರತಂದ ಆಂಗ್ಲೋ-ಇಂಡಿಯನ್ ಪದಕೋಶ ‘ಹಾಬ್ಸನ್-ಜಾಬ್ಸನ್’ ಈ ಅರ್ಥವನ್ನೇ ಕೊಡುತ್ತದೆ. ಅಧಿಕಾರಿ ಪ್ರವಾಸದಲ್ಲಿದ್ದರೆ ‘ಔಟ್ ಆಫ್ ಸ್ಟೇಷನ್’. ಇಂದಿನ ಬ್ರಿಟನ್ನಿನಲ್ಲಿ ‘ಔಟ್ ಆಫ್ ಟೌನ್’ ಎಂದರೆ ತಿಳಿಯುತ್ತದೆ, ನಮ್ಮ ಮಾತು ತಿಳಿಯುವುದು ಕಷ್ಟ.

ನಿಜವಾಗಿ ತಿದ್ದಬೇಕಾದದ್ದು ನಾಲ್ಕನೆಯದು. ‘ರಿವರ್ಟ್’ ಎಂದರೆ ಹಿಂದಿನ ಸ್ಥಿತಿಗೆ ಮರಳುವುದು; ಗೇಣಿ ಅವಧಿ ಮುಗಿದ ಮೇಲೆ ಜಮೀನು ಮಾಲೀಕರಿಗೆ ‘ರಿವರ್ಟ್’ ಆಗುತ್ತದೆ. ಉತ್ತರಿಸು ಎಂಬ ಅರ್ಥದಲ್ಲಿ ಅದನ್ನು ಬಳಸಿದರೆ ಹೊರದೇಶದವರಿಗೆ ಅರ್ಥ ತಪ್ಪುವ ಸಂಭವವಿದೆ. ‘ರಿಪ್ಲೈ’ ಎಂಬ ಸರಳ ಪದ ಇದ್ದೇ ಇದೆ. ‘ಬ್ಯಾಕ್’ ಅಂತೂ ಹೇಗೂ ಹೆಚ್ಚುವರಿ, ‘ರಿಟರ್ನ್ ಬ್ಯಾಕ್’ ಎಂಬಲ್ಲಿಯೂ ಅಷ್ಟೆ. ‘ಡಿಸ್ಕಸ್ ಅಬೌಟ್’ ಎಂಬುದು ನಮ್ಮ ‘ಬಗ್ಗೆ ಚರ್ಚಿಸು’ ಎಂಬುದರ ನೆರಳು. ಇಂಗ್ಲಿಷಿನಲ್ಲಿ ‘ಅಬೌಟ್’ ಬೇಡ.

ಪ್ರಶ್ನೆ: ನಾನು ಬೆಂಗಳೂರಿನ ಕಾಲ್ ಸೆಂಟರಿನಲ್ಲಿ ಕೆಲಸ ಮಾಡುತ್ತೇನೆ. ‘ಪಿನ್’ ಎಂದರೆ ಅಮೆರಿಕದ ಗ್ರಾಹಕರು ‘ಬಿನ್ನಾ?’ ಎಂದು ಕೇಳುತ್ತಾರೆ. ‘ವೈನ್’ ಎಂಬುದೂ ಅವರಿಗೆ ಬೇರೇನೋ ಆಗಿ ಕೇಳಿಸುತ್ತದೆ. ನನ್ನ ಉಚ್ಚಾರಣೆಯಲ್ಲಿ ತಪ್ಪೇನು?

ಉತ್ತರ: ಇಂಗ್ಲಿಷರು ಒತ್ತು ಬೀಳುವ ಸ್ವರಕ್ಕೆ ಮೊದಲು ಬರುವ ಪ, ಟ, ಕ ಧ್ವನಿಗಳನ್ನು ಸ್ವಲ್ಪ ಉಸಿರು ಸೇರಿಸಿ, ಅಂದರೆ ನಮ್ಮ ಮಹಾಪ್ರಾಣದಂತೆ ಹೇಳುತ್ತಾರೆ. ಅವರ ಬಾಯಲ್ಲಿ ‘ಪಿನ್’ ಎಂಬುದು ಪಕಾರಕ್ಕೆ ಹಕಾರ ಬೆರೆತಂತೆ ಇರುತ್ತದೆ. ನಾವು ಶುದ್ಧ ಅಲ್ಪಪ್ರಾಣ ಹೇಳಿದಾಗ, ಉಸಿರಿಲ್ಲದ ಆ ಪಕಾರ ಅವರಿಗೆ ಬಕಾರದಂತೆ ಕೇಳಿಸುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪಿನ್’ ಎನ್ನಿ. ಅಂಗೈಗೆ ಉಸಿರು ತಾಗಬೇಕು. ‘ಸ್ಪಿನ್’ ಎಂಬಂತೆ ಸಕಾರದ ನಂತರ ಬಂದಾಗ ಮಾತ್ರ ಉಸಿರು ಬೇಡ, ಅಲ್ಲಿ ನಮ್ಮ ಪಕಾರವೇ ಸರಿ.

ದ್ರಾಕ್ಷಾರಸದ ‘ವೈನ್’ ಡಬ್ಲ್ಯೂ ಅಕ್ಷರದಿಂದಲೂ, ಬಳ್ಳಿ ಎಂಬ ಅರ್ಥದ ‘ವೈನ್’ ವಿ ಅಕ್ಷರದಿಂದಲೂ ಆರಂಭವಾಗುತ್ತವೆ. ಇಂಗ್ಲಿಷರಿಗೆ ಇವೆರಡು ಪ ಮತ್ತು ಮ ಇದ್ದಷ್ಟೇ ಬೇರೆ. ಕನ್ನಡದ ವಕಾರ ಎರಡರ ನಡುವೆ ಎಲ್ಲೋ ಇದೆ. ಮೇಲಿನ ಹಲ್ಲು ಕೆಳತುಟಿಯ ಹತ್ತಿರ ಬರುತ್ತದೆ, ಆದರೆ ಒತ್ತುವುದಿಲ್ಲ. ಲಿಪಿಯಲ್ಲೂ ನಮಗೆ ಇರುವುದು ಒಂದೇ ಅಕ್ಷರ. ಡಬ್ಲ್ಯೂ ಧ್ವನಿಗೆ ತುಟಿಗಳನ್ನು ‘ಉ’ ಎನ್ನುವಂತೆ ದುಂಡಗೆ ಮಾಡಿ, ಹಲ್ಲು ತಾಗಿಸದೆ, ‘ಉಆಯ್ನ್’ ಎಂಬಂತೆ ಜಾರಿಸಿ. ವಿ ಧ್ವನಿಗೆ ಮೇಲಿನ ಹಲ್ಲನ್ನು ಕೆಳತುಟಿಯ ಮೇಲೆ ನಿಜವಾಗಿಯೂ ಇರಿಸಿ ಗುಂಯ್‌ಗುಡಿಸಿ. ತುಟಿಯಲ್ಲಿ ಕಚಗುಳಿಯಂಥ ಕಂಪನ ಗೊತ್ತಾಗಬೇಕು. ಇದಿಷ್ಟು ಬಂದರೆ ಸಾಕು. ‘ತ್ರೀ’ ಮತ್ತು ‘ಟ್ರೀ’ ನಡುವೆ ನಾವು ತ-ಟ ವ್ಯತ್ಯಾಸ ಉಳಿಸಿಕೊಳ್ಳುವುದರಿಂದ ಅಲ್ಲಿ ತೊಡಕಿಲ್ಲ. ಅಮೆರಿಕದವರಂತೆ ಮಾತಾಡಬೇಕೆಂಬ ಆಸೆಯಿಂದ ಮೂಗಿನಲ್ಲಿ ರಾಗ ಎಳೆಯುವ ಅಗತ್ಯವಂತೂ ಇಲ್ಲವೇ ಇಲ್ಲ.

ಪ್ರಶ್ನೆ: ‘ಜ್ಞಾನಪೀಠ ಪಡೆದ ಕನ್ನಡ ಲೇಖಕರಲ್ಲಿ ಕಾರಂತರು ಎಷ್ಟನೆಯವರು?’ ಎಂಬುದನ್ನು ಇಂಗ್ಲಿಷಿನಲ್ಲಿ ಕೇಳುವುದು ಹೇಗೆ? – ಪದವಿ ವಿದ್ಯಾರ್ಥಿನಿ, ಕುಂದಾಪುರ

ಉತ್ತರ: ಎಷ್ಟನೆಯ ಎಂಬುದಕ್ಕೆ ಇಂಗ್ಲಿಷಿನಲ್ಲಿ ಪದವೇ ಇಲ್ಲ. ‘ಹೌ ಮೆನಿ’ ಸಂಖ್ಯೆಯನ್ನು ಕೇಳುತ್ತದೆ, ‘ವಿಚ್’ ಯಾವುದೆಂದು ಕೇಳುತ್ತದೆ, ಸ್ಥಾನವನ್ನು ಕೇಳುವ ಪ್ರಶ್ನಾಪದ ಇಲ್ಲ. ಹಾಗಾಗಿ ಪ್ರಶ್ನೆಯನ್ನೇ ಬೇರೆ ಬಗೆಯಲ್ಲಿ ಕಟ್ಟಬೇಕು: ‘ವೇರ್ ಡಸ್ ಕಾರಂತ್ ಕಮ್ ಇನ್ ದ ಆರ್ಡರ್ ಆಫ್ ಕನ್ನಡ ರೈಟರ್ಸ್ ಹೂ ವನ್ ದ ಜ್ಞಾನಪೀಠ್?’ ಎಂದೋ, ಕೆಲವು ಸ್ಥಾನಗಳನ್ನು ಊಹಿಸಿ ‘ವಾಸ್ ಹಿ ದ ಸೆಕೆಂಡ್ ಆರ್ ದ ಥರ್ಡ್?’ ಎಂದೋ ಕೇಳಬಹುದು. ಉತ್ತರವೂ ಬೇಕಿದ್ದರೆ: 1967ರಲ್ಲಿ ಕುವೆಂಪು, 1973ರಲ್ಲಿ ಬೇಂದ್ರೆ, 1977ರಲ್ಲಿ ಕಾರಂತರು; ಅವರು ಮೂರನೆಯವರು. ಕನ್ನಡ ಒಂದೇ ಪದದಲ್ಲಿ ಮುಗಿಸಿದ್ದನ್ನು ಇಂಗ್ಲಿಷ್ ಒಂದು ವಾಕ್ಯದಲ್ಲಿ ಹೇಳುತ್ತದೆ ಎಂಬುದು ನಿಮ್ಮ ಮೇಷ್ಟರಿಗೂ ಗೊತ್ತಿರಲಿ. ಪರೀಕ್ಷೆಯಲ್ಲಿ ‘ಹೌ ಮೆನಿಯತ್’ ಎಂಬ ವಿಚಿತ್ರ ಪದವನ್ನು ನಿರೀಕ್ಷಿಸುವವರೂ ಇದ್ದಾರೆ.

ಪ್ರಶ್ನೆ: ಮಾತಿನಲ್ಲಿ ನಾನು ‘ಓನ್ಲಿ’ ಪದವನ್ನು ಅತಿಯಾಗಿ ಬಳಸುತ್ತೇನೆಂದು ಸಹೋದ್ಯೋಗಿಗಳು ನಗುತ್ತಾರೆ. – ಹುಬ್ಬಳ್ಳಿ

ಉತ್ತರ: ಅದು ನಿಮ್ಮ ಕನ್ನಡದ ‘ಏ’ಕಾರ. ‘ಇಲ್ಲೇ ಇದ್ದಾರೆ’, ‘ನಾನೇ ಬರೆದೆ’, ‘ಇವತ್ತೇ ಕೊಡಿ’ – ಪದದ ಕೊನೆಗೆ ಒಂದು ಏಕಾರ ಸೇರಿಸಿದರೆ ಸಾಕು, ಒತ್ತು ಅಲ್ಲಿ ಬಿತ್ತು. ಈ ಪ್ರತ್ಯಯಕ್ಕೆ ಸಮಾನವಾದ ಪದವನ್ನು ಇಂಗ್ಲಿಷಿನಲ್ಲಿ ಹುಡುಕುತ್ತ ನಾವು ‘ಓನ್ಲಿ’ ಮತ್ತು ‘ಇಟ್‌ಸೆಲ್ಫ್’ ಎಂಬ ಎರಡನ್ನು ಹಿಡಿದುಕೊಂಡಿದ್ದೇವೆ: ‘ಹಿ ಈಸ್ ಹಿಯರ್ ಓನ್ಲಿ’, ‘ಗಿವ್ ಟುಡೇ ಇಟ್‌ಸೆಲ್ಫ್’. ತೊಂದರೆಯೆಂದರೆ ಇಂಗ್ಲಿಷಿನ ‘ಓನ್ಲಿ’ಗೆ ಅರ್ಥ ಮಾತ್ರ, ಕೇವಲ ಎಂದು. ‘ನಾನೇ ಬರೆದೆ’ ಎಂದು ಹೆಮ್ಮೆಯಿಂದ ಹೇಳಲು ‘ಐ ಓನ್ಲಿ ರೋಟ್ ಇಟ್’ ಎಂದರೆ ಇಂಗ್ಲಿಷರಿಗೆ ‘ನಾನು ಸುಮ್ಮನೆ ಬರೆದೆ ಅಷ್ಟೇ’ ಎಂದು ಕೇಳಿಸುತ್ತದೆ. ಹೆಮ್ಮೆ ಹೋಗಿ ಸಮಜಾಯಿಷಿಯಾಗುತ್ತದೆ. ಇಂಗ್ಲಿಷ್ ಈ ಒತ್ತನ್ನು ಮಾತಿನಲ್ಲಿ ದನಿ ಏರಿಸಿ ತೋರಿಸುತ್ತದೆ, ‘ಐ’ ಪದವನ್ನು ಒತ್ತಿ ಹೇಳಿದರೆ ಮುಗಿಯಿತು. ಬರೆಯುವಾಗ ದನಿ ಇಲ್ಲದ ಕಾರಣ ವಾಕ್ಯದ ರಚನೆಯನ್ನು ಬದಲಿಸಿ ‘ಇಟ್ ವಾಸ್ ಐ ಹೂ ರೋಟ್ ಇಟ್’ ಎನ್ನುತ್ತಾರೆ. ಬಹುಪಾಲು ಕಡೆ ‘ಓನ್ಲಿ’ಯನ್ನು ಸುಮ್ಮನೆ ಕೈಬಿಟ್ಟರೂ ವಾಕ್ಯಕ್ಕೆ ನಷ್ಟವಿಲ್ಲ. ಎಲ್ಲ ವಾಕ್ಯಗಳ ಕೊನೆಗೂ ‘ಈಸಂಟ್ ಇಟ್?’ ಸೇರಿಸುವುದು ಕೂಡ ನಮ್ಮ ‘ಅಲ್ಲವೇ’ಯ ಮಗುವೇ, ಆದರೆ ಅದನ್ನು ಬಿಡಿಸುವ ಹಟ ಬೇಡ, ಲಂಡನ್ನಿನ ಬೀದಿಗಳಲ್ಲೇ ಈಗ ‘ಇನ್ನಿಟ್’ ಎಂಬ ಒಂದೇ ಬಾಲ ಎಲ್ಲ ವಾಕ್ಯಗಳಿಗೂ ಅಂಟುತ್ತಿದೆ.

ಪ್ರಶ್ನೆ: ‘ಲೂಸ್’ ಪದದಲ್ಲಿ ಎಷ್ಟು ಓ ಬರೆಯಬೇಕು? ಯಾವಾಗಲೂ ಗೊಂದಲ. – ಚಿತ್ರದುರ್ಗ

ಉತ್ತರ: ಎರಡು ಬೇರೆ ಪದಗಳಿವೆ. ಸಡಿಲ ಎಂಬ ಅರ್ಥದ್ದು ಎರಡು ಓ ಇರುವ ‘ಲೂಸ್’. ಕಳೆದುಕೊ, ಸೋಲು ಎಂಬ ಅರ್ಥದ್ದು ಒಂದೇ ಓ ಇರುವ ‘ಲೂಜ಼್’. ಕನ್ನಡಕ್ಕೆ ‘ಜ಼’ ಧ್ವನಿ ತನ್ನದಾಗಿ ಇಲ್ಲದ್ದರಿಂದ ಎರಡೂ ನಮ್ಮ ಬಾಯಲ್ಲಿ ಒಂದೇ ಆಗಿ, ಕಾಗುಣಿತದಲ್ಲೂ ಬೆರೆತುಹೋಗುತ್ತವೆ. ‘ಅವನೊಬ್ಬ ಲೂಸು’ ಎನ್ನುವಾಗ ನಾವು ಬಳಸುವುದು ಸಡಿಲದ ಲೂಸನ್ನೇ, ತಿರುಪು ಸಡಿಲವಾಗಿದೆ ಎಂಬ ಅರ್ಥದಲ್ಲಿ. ಅದಕ್ಕೆ ಎರಡು ಓ. ಸಲಹೆ ಎಂಬ ನಾಮಪದ ‘ಅಡ್‌ವೈಸ್’ ಸಿ ಅಕ್ಷರದ್ದು, ಸಲಹೆ ಕೊಡು ಎಂಬ ಕ್ರಿಯಾಪದ ‘ಅಡ್‌ವೈಜ಼್’ ಎಸ್ ಅಕ್ಷರದ್ದು ಎಂಬಲ್ಲಿಯೂ ಇದೇ ಕಥೆ. ಉಚ್ಚಾರಣೆ ಸರಿಹೋದರೆ ಕಾಗುಣಿತ ತಾನಾಗಿ ನೆನಪಿರುತ್ತದೆ.

ಪ್ರಶ್ನೆ: ‘ಕಸಿನ್ ಬ್ರದರ್’, ‘ಕೋ-ಬ್ರದರ್’ ತಪ್ಪೆಂದು ಮೊಮ್ಮಗಳು ತಿದ್ದುತ್ತಾಳೆ. – ಮಂಡ್ಯ

ಉತ್ತರ: ಇಂಗ್ಲೆಂಡಿನ ಇಂಗ್ಲಿಷಿನಲ್ಲಿ ‘ಕಸಿನ್’ ಎಂದರೆ ಸಾಕು ಎಂಬುದು ನಿಜ. ಆದರೆ ಆ ಒಂದು ಪದ ನಮ್ಮ ಮನೆಗಳಲ್ಲಿ ಮುಖ್ಯವಾದ ಒಂದು ಭೇದವನ್ನೇ ಅಳಿಸುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ದೊಡ್ಡಮ್ಮ, ಚಿಕ್ಕಮ್ಮಂದಿರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿ. ಸೋದರಮಾವ, ಸೋದರತ್ತೆಯರ ಮಕ್ಕಳು ಭಾವ, ಭಾವಮೈದುನ, ಅತ್ತಿಗೆ, ನಾದಿನಿಯರು. ಅನೇಕ ಸಮುದಾಯಗಳಲ್ಲಿ ಮೊದಲ ಗುಂಪಿನವರ ನಡುವೆ ಮದುವೆ ನಿಷಿದ್ಧ, ಎರಡನೆಯ ಗುಂಪಿನವರ ನಡುವೆ ವಾಡಿಕೆ. ಇಂಗ್ಲಿಷ್ ಇಬ್ಬರನ್ನೂ ‘ಕಸಿನ್’ ಎನ್ನುತ್ತದೆ. ‘ಕಸಿನ್ ಬ್ರದರ್’ ಎಂದವರು ಅಣ್ಣತಮ್ಮನ ಸಂಬಂಧ ಕಳೆದುಹೋಗಬಾರದೆಂದು ‘ಬ್ರದರ್’ ಸೇರಿಸಿದರು, ಅದು ಅವಿವೇಕವಲ್ಲ. ಷಡ್ಡಕನಿಗೆ ‘ಕೋ-ಬ್ರದರ್’, ಓರಗಿತ್ತಿಗೆ ‘ಕೋ-ಸಿಸ್ಟರ್’ ಎಂಬವೂ ಹೀಗೆಯೇ ಹುಟ್ಟಿದವು. ಇಂಗ್ಲಿಷಿನ ‘ಬ್ರದರ್ ಇನ್ ಲಾ’ ಭಾವ, ಮೈದುನ, ಷಡ್ಡಕ ಮೂವರನ್ನೂ ಒಂದೇ ಕಂಬಳಿಯಡಿ ಮಲಗಿಸುತ್ತದೆ. ಮೊಮ್ಮಗಳು ಪರೀಕ್ಷೆಯಲ್ಲಿ ‘ಕಸಿನ್’ ಎಂದು ಬರೆಯಲಿ, ನೀವು ಮದುವೆಮನೆಯಲ್ಲಿ ಪರಿಚಯಿಸುವಾಗ ಹೇಳುತ್ತಿದ್ದುದನ್ನೇ ಹೇಳಿ.

ಪ್ರಶ್ನೆ: ‘ಶೆಡ್ಯೂಲ್’ ಸರಿಯೋ ‘ಸ್ಕೆಜೂಲ್’ ಸರಿಯೋ? – ಉಡುಪಿ

ಉತ್ತರ: ಮೊದಲನೆಯದು ಬ್ರಿಟಿಷರದು, ಎರಡನೆಯದು ಅಮೆರಿಕದ್ದು. ಫ್ರೆಂಚಿನಿಂದ ಬಂದಾಗ ಅದು ಎರಡೂ ಆಗಿರಲಿಲ್ಲ, ಸಕಾರದಿಂದ ಆರಂಭವಾಗುತ್ತಿತ್ತು. ಗ್ರೀಕ್ ಮೂಲವನ್ನು ಗೌರವಿಸಬೇಕೆಂದು ‘ಸ್ಕ’ ಉಚ್ಚಾರಣೆಯನ್ನು ಎತ್ತಿಹಿಡಿದವರು ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್. ಸಂವಿಧಾನದ ಅನುಸೂಚಿಗಳನ್ನು ಹೇಳುವಾಗ ನಮ್ಮ ನ್ಯಾಯವಾದಿಗಳು ‘ಶೆಡ್ಯೂಲ್’ ಎನ್ನುವುದೇ ರೂಢಿ, ಐಟಿ ಕಂಪನಿಯ ಮೀಟಿಂಗಿನಲ್ಲಿ ಎರಡನೆಯದು ಹೆಚ್ಚು. ಒಂದೇ ಮಾತಿನಲ್ಲಿ ಎರಡನ್ನೂ ಬೆರೆಸಬೇಡಿ ಎಂದಷ್ಟೇ ಹೇಳಬಲ್ಲೆ.

ಪ್ರಶ್ನೆ: ಸೇನೆಯ ‘ಕರ್ನಲ್’ ಪದದ ಕಾಗುಣಿತದಲ್ಲಿ ಆರ್ ಎಲ್ಲಿದೆ? – ಮಡಿಕೇರಿ

ಉತ್ತರ: ಎಲ್ಲಿಯೂ ಇಲ್ಲ. ಇಟಲಿಯ ‘ಕೊಲೊನೆಲ್ಲೊ’, ಅಂದರೆ ಸೈನ್ಯದ ಸಾಲಿನ ಮುಖ್ಯಸ್ಥ, ಫ್ರೆಂಚರ ಬಾಯಲ್ಲಿ ‘ಕೊರೊನೆಲ್’ ಆಯಿತು. ಇಂಗ್ಲಿಷರು 16ನೇ ಶತಮಾನದಲ್ಲಿ ಫ್ರೆಂ‌ಚ್ ರೂಪವನ್ನು ಎರವಲು ತಂದರು. ನಂತರ ಕಾಗುಣಿತವನ್ನು ಇಟಲಿಯ ಮೂಲಕ್ಕೆ ಹೊಂದಿಸಿಕೊಂಡು ಎಲ್ ಬರೆದರು, ಉಚ್ಚಾರಣೆಯನ್ನು ಮಾತ್ರ ಬದಲಿಸಲಿಲ್ಲ. ಕೊಡಗಿನವರಿಗೆ ಈ ಪದ ಪ್ರತಿ ಬೀದಿಯಲ್ಲೂ ಎದುರಾಗುವುದರಿಂದ ನಿಮಗೆ ಹೊಳೆದ ಪ್ರಶ್ನೆ ಸಹಜವಾದದ್ದೇ.

ಪ್ರಶ್ನೆ: ಕೋಚಿಂಗಿಗೆ ಹೋಗುವ ಅನುಕೂಲವಿಲ್ಲ. ಇಂಗ್ಲಿಷ್ ಉಚ್ಚಾರಣೆಯನ್ನು ನಿಘಂಟು ನೋಡಿಕೊಂಡೇ ಕಲಿಯಲು ಸಾಧ್ಯವೇ? – ವಿದ್ಯಾರ್ಥಿ, ಸಿಂಧನೂರು

ಉತ್ತರ: ಸಾಧ್ಯ, ಅದರಲ್ಲೂ ಮೊದಲು ನೋಡಬೇಕಾದದ್ದು ವಿಚಿತ್ರ ಲಿಪಿಚಿಹ್ನೆಗಳನ್ನಲ್ಲ, ಉಚ್ಚಾರಣೆಯ ನಡುವೆ ಮೇಲ್ಗಡೆ ನಿಂತಿರುವ ಒಂದು ಪುಟ್ಟ ಗೀಟನ್ನು. ಅದರ ಮುಂದೆಯೇ ಬರುವ ಉಚ್ಚಾರಾಂಶದ ಮೇಲೆ ಒತ್ತು ಬೀಳುತ್ತದೆ ಎಂದು ಅರ್ಥ. ಕನ್ನಡದಲ್ಲಿ ನಾವು ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮಾನ ತೂಕ ಕೊಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಭಾಗ ಎದ್ದು ನಿಲ್ಲುತ್ತದೆ, ಉಳಿದವು ಕುಗ್ಗಿ, ಅವುಗಳ ಸ್ವರಗಳೂ ಮಸುಕಾಗಿ ಒಂದು ಅಸ್ಪಷ್ಟ ‘ಅ’ಕಾರವಾಗುತ್ತವೆ. ನಮ್ಮ ಇಂಗ್ಲಿಷ್ ಹೊರಗಿನವರಿಗೆ ತಿಳಿಯದೆ ಹೋಗುವುದಕ್ಕೆ ಒಂದೊಂದು ಅಕ್ಷರದ ತಪ್ಪಿಗಿಂತ ಇದೇ ಹೆಚ್ಚು ಕಾರಣವೆಂದು ನನ್ನ ಅಭಿಪ್ರಾಯ.

‘ಫೋಟೋಗ್ರಾಫ್’ ಪದದಲ್ಲಿ ಒತ್ತು ಮೊದಲ ‘ಫೋ’ ಮೇಲೆ. ‘ಫೋಟೋಗ್ರಾಫರ್’ ಆದಾಗ ಅದು ಎರಡನೆಯದಕ್ಕೆ ಜಾರಿ ‘ಫಟಾಗ್ರಫರ್’ ಎಂಬಂತೆ ಕೇಳಿಸುತ್ತದೆ. ‘ಫೋಟೋಗ್ರಾಫಿಕ್’ ಆದರೆ ಒತ್ತು ಮೂರನೆಯ ‘ಗ್ರಾ’ ಮೇಲೆ. ‘ರೆಕಾರ್ಡ್’ ನಾಮಪದವಾದರೆ ಒತ್ತು ಆರಂಭದಲ್ಲಿ, ಕ್ರಿಯಾಪದವಾದರೆ ಕೊನೆಯಲ್ಲಿ. ‘ಹೋಟೆಲ್’, ‘ಈವೆಂಟ್’ ಎಂಬವುಗಳಲ್ಲಿ ನಾವು ಮೊದಲ ಅಕ್ಷರವನ್ನು ಎಳೆಯುತ್ತೇವೆ. ಒತ್ತು ಬೀಳಬೇಕಾದದ್ದು ಎರಡನೆಯದರ ಮೇಲೆ. ತರಕಾರಿ ಎಂಬ ಅರ್ಥದ ಪದವನ್ನು ‘ವೆಜಿಟೇಬಲ್’ ಎಂದು ಮೇಜಿನ ‘ಟೇಬಲ್’ ಸೇರಿಸಿ ಹೇಳುವವರು ಬಹಳ. ಅದು ‘ವೆಜ್‌ಟಬಲ್’, ಒತ್ತು ‘ವೆಜ್’ ಮೇಲೆ, ಉಳಿದದ್ದೆಲ್ಲ ಆತುರದಲ್ಲಿ ಮುಗಿಯುತ್ತದೆ.

ಹೊಸ ಪದ ಕಂಡಾಗಲೆಲ್ಲ ಅರ್ಥದ ಜೊತೆ ಆ ಗೀಟು ಎಲ್ಲಿದೆಯೆಂದು ನೋಡಿ, ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಒತ್ತು ಬೀಳುವ ಅಕ್ಷರದ ಕೆಳಗೆ ಅಡ್ಡಗೆರೆ ಎಳೆಯಿರಿ. ಮೊಬೈಲಿನಲ್ಲಿರುವ ನಿಘಂಟಾದರೆ ಧ್ವನಿಯ ಗುರುತನ್ನು ಒತ್ತಿ ಕೇಳಬಹುದು. ಕೇಳಿದ ಮೇಲೆ ಗಟ್ಟಿಯಾಗಿ ಹೇಳುವುದನ್ನು ಬಿಡಬೇಡಿ. ‘ಬ್ಯಾಂಕ್’, ‘ಕ್ಯಾಟ್’ ಎಂದು ಕನ್ನಡದಲ್ಲಿ ಬರೆದುಕೊಂಡದ್ದನ್ನು ಓದುವಾಗ ಅಲ್ಲಿ ಯಕಾರ ನಿಜವಾಗಿ ಇಲ್ಲ ಎಂಬುದನ್ನು ಮಾತ್ರ ನೆನಪಿಡಿ. ಆ ಸ್ವರಕ್ಕೆ ನಮ್ಮ ಲಿಪಿಯಲ್ಲಿ ಚಿಹ್ನೆಯಿಲ್ಲದ್ದರಿಂದ ಯ ಒತ್ತನ್ನು ಬಳಸುತ್ತಿದ್ದೇವೆ. ಬಾಯನ್ನು ‘ಎ’ಕಾರಕ್ಕಿಂತ ಅಗಲವಾಗಿ ತೆರೆದು, ಕಕಾರದಿಂದ ನೇರವಾಗಿ ಸ್ವರಕ್ಕೆ ಹೋಗಿ.